ಸೋಸಿದ ಪಾದೋದಕ

ಗುರುವನ್ನು ನೆನೆದರೆ ಮನಸ್ಸು ತಿಳಿಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕರೇಕಲ್ಲಿನ ಪೂಜ್ಯ ಅಡವಯ್ಯಜ್ಜನವರನ್ನು ನೆನೆದರೆ ಮನಸ್ಸಿನ ಜೊತೆಗೆ ಕುಡಿಯುವ ನೀರೂ ತಿಳಿಯಾಗುತ್ತದೆ. ಇದು ಭಕ್ತಿಯ ಭರದಲ್ಲಿ ಆಡಿದ ಮಾತಲ್ಲ. ಆ ಊರಿನ ಹೆಣ್ಣುಮಕ್ಕಳು ಇಂದಿಗೂ ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು 'ಅಜ್ಜಾರ ಪಾದಕ್ಕ' ಎಂದು ಕೈಮುಗಿದೇ ನೀರು ಸುರಿಯುತ್ತಾರೆ. ಬಟ್ಟೆಗೂ ಪಾದಕ್ಕೂ ಏನು ನಂಟು ಎಂದು ಕೇಳುವವರು ಈ ಪ್ರಸಂಗವನ್ನು ಸಾವಧಾನವಾಗಿ ಓದಬೇಕು.

ರಾಯಚೂರು ಸೀಮೆಯ ಕರೇಕಲ್ಲು ಹೆಸರಿಗೆ ತಕ್ಕಂತೆ ಕಲ್ಲಿನ ಊರು. ಮನೆ ಕಲ್ಲು, ಬೇಲಿ ಕಲ್ಲು, ಕೆಲವರ ತಲೆಯೂ ಅದೇ ಕಲ್ಲು. ಊರ ಹೊರಗೆ ಅಜ್ಜನವರ ಮಠ. ಮಠವೆಂದರೆ ಗೋಪುರ, ಪಲ್ಲಕ್ಕಿ ಎಂದುಕೊಂಡು ದೂರದಿಂದ ಬಂದವರು ಪಕ್ಕದ ಎಮ್ಮೆಯ ಕೊಟ್ಟಿಗೆಗೆ ಕೈಮುಗಿದು ಹಿಂದಿರುಗಿದ್ದೂ ಉಂಟು. ಎರಡರಲ್ಲಿ ಕೊಟ್ಟಿಗೆಯೇ ದೊಡ್ಡದಾಗಿತ್ತು, ಅವರದೇನೂ ತಪ್ಪಿಲ್ಲ. ಮಠವೆನ್ನುವ ಆ ಚಪ್ಪಡಿ ಹೊದಿಸಿದ ಸಣ್ಣ ಕೋಣೆಯ ಹೊಸ್ತಿಲಲ್ಲಿ ಅಜ್ಜನವರು ಕುಳಿತು ಕೌದಿ ಹೊಲಿಯುತ್ತಿದ್ದರು. ಭಕ್ತರು ತಂದುಕೊಟ್ಟ ಹಳೆಯ ಸೀರೆ, ಧೋತರಗಳ ಚೂರುಗಳನ್ನು ಕೂಡಿಸಿ ಹೊಲಿದು, ಚಳಿಗಾಲದಲ್ಲಿ ಬಾಣಂತಿಯರಿಗೂ ಮುದುಕರಿಗೂ ಹೊದಿಸುವುದು ಅವರ ನಿತ್ಯದ ಕಾಯಕ. ಮಾತು ಬಹಳ ಕಡಿಮೆ. ಸದಾ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದರಾದ್ದರಿಂದ ಆಡಿದ ನಾಲ್ಕು ಮಾತೂ ದಾರದ ಪಕ್ಕದಿಂದ ನುಸುಳಿ ಬರಬೇಕಿತ್ತು.

ಆ ಊರಿನ ಹಂಪನಗೌಡರು ಅಜ್ಜನವರ ಪರಮಭಕ್ತರು. ಪರಮಭಕ್ತರು ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಊರೂ ಒಪ್ಪಿಕೊಂಡಿತ್ತು. ಒಪ್ಪದಿದ್ದರೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರಲ್ಲ! ಆಳು ಎತ್ತರ, ಮೀಸೆ ದಪ್ಪ, ದನಿ ಅದಕ್ಕಿಂತ ದಪ್ಪ. ಹೃದಯ ಮಾತ್ರ ಬೆಣ್ಣೆ. ಆ ಬೆಣ್ಣೆಯನ್ನೆಲ್ಲ ಅವರು ಏಳು ವರ್ಷದ ಮೊಮ್ಮಗಳು ಈರವ್ವನಿಗೆ ಮೀಸಲಿಟ್ಟಿದ್ದರು.

ಕರೇಕಲ್ಲಿಗೆ ಕುಡಿಯುವ ನೀರೆಂದರೆ ಒಂದೇ ಮೆಟ್ಟಿಲ ಬಾವಿ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಶ್ರಾವಣದ ಮೊದಲ ಸೋಮವಾರ ಅದೇ ಬಾವಿಯಲ್ಲಿ ಅಜ್ಜನವರ ಪಾದಪೂಜೆ. ಬೇರೆ ಕಡೆ ಗುರುಗಳ ಪಾದವನ್ನು ತಟ್ಟೆಯಲ್ಲಿ ತೊಳೆದು ಆ ನೀರನ್ನು ಪಾದೋದಕವೆಂದು ಒಂದು ಚಮಚ ಕೊಡುತ್ತಾರೆ. ಕರೇಕಲ್ಲಿನವರಿಗೆ ಚಮಚದ ವ್ಯವಹಾರ ಹಿಡಿಸಲಿಲ್ಲ. ಹಂಪನಗೌಡರ ಮುತ್ತಜ್ಜನ ಕಾಲದಲ್ಲಿ ಯಾರಿಗೋ ಹೊಳೆಯಿತಂತೆ: ಗುರುಗಳ ಪಾದವನ್ನು ಬಾವಿಯಲ್ಲೇ ಇಡಿಸಿಬಿಟ್ಟರೆ ಬಾವಿಗೆ ಬಾವಿಯೇ ಪಾದೋದಕವಾಗುತ್ತದೆ, ವರ್ಷವಿಡೀ ಕುಡಿಯಬಹುದು! ಅಂದಿನಿಂದ ಮಠದ ಗುರುಗಳನ್ನು ಕೆಳಗಿನ ಮೆಟ್ಟಿಲ ಮೇಲೆ ಮಣೆ ಹಾಕಿ ಕೂಡಿಸಿ, ಪಾದಗಳನ್ನು ನೀರಿನಲ್ಲಿ ಇರಿಸಿ ಪೂಜಿಸುವುದು ರೂಢಿಯಾಯಿತು. ತಂಬಿಗೆ ಹಿಡಿದು ಮೊದಲ ಗುಟುಕು ಎತ್ತುವ ಹಕ್ಕು ಗೌಡರ ಮನೆತನದ್ದು. ಹಂಪನಗೌಡರು ಆ ಮೊದಲ ಗುಟುಕನ್ನು ತಾವು ಕುಡಿಯದೆ ಈರವ್ವನ ಬಾಯಿಗೆ ಹಾಕುತ್ತಿದ್ದರು. ಇದಕ್ಕಿಂತ ದೊಡ್ಡದನ್ನು ಕೊಡುವುದು ಅವರಿಗೆ ಗೊತ್ತಿರಲಿಲ್ಲ.

ಇನ್ನು ನಾರಿನ ಮಾತು. ನಾರು ಎಂದರೆ ಈಗಿನ ಮಕ್ಕಳಿಗೆ ತೆಂಗಿನಕಾಯಿ ನೆನಪಾಗುತ್ತದೆ. ಆ ಕಾಲದಲ್ಲಿ ಆ ಸೀಮೆಯಲ್ಲಿ ನಾರೆಂದರೆ ಕಾಲಿನಿಂದ ಹೊರಬರುವ ಹುಳು. ಮೊದಲು ಒಂದು ಬೊಕ್ಕೆ, ಬೆಂಕಿಯಿಟ್ಟಂಥ ಉರಿ. ಬೊಕ್ಕೆ ಒಡೆದರೆ ಬಿಳಿಯ ದಾರದಂಥ ಹುಳುವಿನ ತುದಿ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು, ಮನುಷ್ಯ ತಿಂಗಳುಗಟ್ಟಲೆ ಮೂಲೆ ಹಿಡಿಯುತ್ತಿದ್ದ. ಅದೂ ಸರಿಯಾಗಿ ಬಿತ್ತನೆಯ ಹೊತ್ತಿಗೆ. ಮೇಲೆ ಮಳೆ, ಹೊಲದಲ್ಲಿ ಹದ, ಮನೆಯಲ್ಲಿ ಗಂಡಸರೆಲ್ಲ ಕಾಲು ಮೇಲೆ ಮಾಡಿ ಮಲಗಿದ್ದಾರೆ!

ನಾರು ಯಾಕೆ ಬರುತ್ತದೆ ಎಂಬುದಕ್ಕೆ ಗೌಡರ ಬಳಿ ಸಿದ್ಧ ಉತ್ತರವಿತ್ತು. ಪಾಪ ಮಾಡಿದವರಿಗೆ ಬರುತ್ತದೆ. ಬದು ಒತ್ತಿದವರಿಗೆ, ಅತ್ತೆಗೆ ಎದುರು ಮಾತಾಡಿದವರಿಗೆ, ಸೋಮವಾರ ನಿಯಮ ತಪ್ಪಿದವರಿಗೆ. ಹಾಗಾದರೆ ಗೌಡರಿಗೇ ಎರಡು ಮೂರು ಸಲ ಬಂದಿತ್ತಲ್ಲ? ಅದು ಬೇರೆ. ಗೌಡಿಕೆ ಮಾಡುವವನಿಗೆ ಊರ ಪಾಪದಲ್ಲಿ ಪಾಲು ಬರುತ್ತದೆ, ಪಾಪ, ಅವರೇನು ಮಾಡಿಯಾರು! ಆದರೆ ಒಂದು ವರ್ಷ ಬಿತ್ತನೆಯ ಹೊತ್ತಿಗೆ ಈರವ್ವನ ಮೊಣಕಾಲಿನ ಕೆಳಗೆ ನಾರು ಎದ್ದಾಗ ಗೌಡರ ಲೆಕ್ಕಾಚಾರ ತುಸು ಅಲುಗಿತು. ಹುಡುಗಿ ಅತ್ತು ಅತ್ತು ದನಿ ಕಳೆದುಕೊಂಡಳು. ಹುಳು ಹರಿದು ಕಾಲು ಬಾತಿತು. ಬಾವು ಇಳಿದ ಮೇಲೂ ಕುಂಟುವುದು ನಿಲ್ಲಲಿಲ್ಲ. ಊರಿಗೆಲ್ಲ ಕೇಳುವಂತೆ ಓಡಾಡುತ್ತಿದ್ದ ಕಾಲ್ಗೆಜ್ಜೆ ಮೂಲೆ ಸೇರಿತು. ಏಳು ವರ್ಷದ ಕೂಸು ಯಾವ ಪಾಪ ಮಾಡಿರಬೇಕು? ಗೌಡರು ಯೋಚಿಸಿ ಯೋಚಿಸಿ, ಕೊನೆಗೆ ಅದು ಸೊಸೆಯ ತವರುಮನೆಯ ಪಾಪವೆಂದು ತೀರ್ಮಾನಿಸಿ ಊರ ಕಟ್ಟೆಯ ಮೇಲೆ ಹೇಳಿಯೂಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯದನ್ನು ತೋರಿಸುವವರು ಯಾರು?

ತೋರಿಸಲು ಬಂದವರು ಆರೋಗ್ಯ ಇಲಾಖೆಯ ಮೇಟಿ ಸಾಹೇಬರು. ಸಣಕಲು ದೇಹ, ದಪ್ಪ ಕನ್ನಡಕ. ಮಠ, ಸ್ವಾಮಿ ಎಂದರೆ ಅಷ್ಟಕ್ಕಷ್ಟೆ. ನೀರು ಸೋಸಿ ಕುಡಿದರೆ ನಾರು ಬರುವುದಿಲ್ಲ, ಬಾವಿಗೆ ಕಾಲಿಡಬಾರದು, ಮೆಟ್ಟಿಲು ಮುಚ್ಚಿ ರಾಟೆ ಹಾಕಬೇಕು ಎಂದು ಅವರು ಜೀಪಿನ ಮೈಕಿನಲ್ಲಿ ಕೂಗಿ, ಮನೆಮನೆಗೂ ನೀಲಿ ಅಂಚಿನ ಬಿಳಿಯ ಬಟ್ಟೆ ಹಂಚಿದರು. ಬಹಳ ಒಳ್ಳೆಯ ಬಟ್ಟೆ. ಊರವರು ಸರಕಾರವನ್ನು ಬಾಯ್ತುಂಬ ಹೊಗಳಿದರು. ಮುಂದಿನ ತಿಂಗಳು ಮೇಟಿಯವರು ನೋಡಲು ಬಂದಾಗ ಅದರಲ್ಲಿ ಒಂದು ಮನೆಯವರು ಮೊಸರು ಕಟ್ಟಿದ್ದರು, ಇನ್ನೊಂದು ಮನೆಯ ಕೂಸಿಗೆ ಅಂಗಿಯಾಗಿತ್ತು, ಕಿರಾಣಿ ಅಂಗಡಿಯವನು ಬೆಲ್ಲಕ್ಕೆ ಮುಸುಕು ಹಾಕಿದ್ದ. ಒಂದು ಗಡಿಗೆಯ ಬಾಯಲ್ಲೂ ಬಟ್ಟೆಯಿಲ್ಲ.

"ನೀರಿಗೆ ಯಾಕ ಕಟ್ಟಿಲ್ಲ?" ಎಂದು ಮೇಟಿಯವರು ತಲೆ ಹಿಡಿದುಕೊಂಡು ಕೇಳಿದರು.

ಗೌಡರು ಮೀಸೆಯ ಮೇಲೆ ಕೈಯಿಟ್ಟರು. "ಸಾಹೇಬ್ರ, ಆ ಬಾವಿ ನೀರು ನಮ್ಮ ಅಜ್ಜಾರ ಪಾದೋದಕ. ಪಾದೋದಕ ಸೋಸಿ ಕುಡೀತಾರೇನ್ರಿ? ಅದರಾಗೇನು ಕಸ ಐತಿ ಅಂತ ಸೋಸಬೇಕು? ಇವತ್ತು ನೀರು ಸೋಸು ಅಂತೀರಿ, ನಾಳೆ ಹಣಿಗೆ ಹಚ್ಚೋ ಇಬತ್ತಿ ಜರಡಿ ಹಿಡಿ ಅಂತೀರಿ!"

ಜನ ಹೋ ಎಂದು ನಕ್ಕರು. ಮೇಟಿಯವರ ಮುಖ ಕೆಂಪಾಯಿತು. "ಹಂಗಾದ್ರ ನಿಮ್ಮ ಅಜ್ಜಾರನ್ನೇ ಕೇಳ್ತೀನಿ" ಎಂದು ಅವರು ಮಠದ ದಾರಿ ಹಿಡಿದರು. ಅಜ್ಜನವರು ಇವನಿಗೆ ಮಂಗಳಾರತಿ ಎತ್ತುವುದನ್ನು ಕಣ್ಣಾರೆ ನೋಡಬೇಕೆಂದು ಗೌಡರು ಹಿಂದಿನಿಂದಲೇ ಹೊರಟರು.

ಅಜ್ಜನವರು ಕಾಲಿನ ಮೇಲೆ ಕೌದಿ ಹರಡಿಕೊಂಡು ಹೊಲಿಯುತ್ತಿದ್ದರು. ಮೇಟಿಯವರು ಮುಗಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಕೌದಿಯ ತುಂಬ ನೀಲಿ ಅಂಚಿನ ಬಿಳಿಯ ಚೂರುಗಳು! ಮೊಸರಿಗೂ ಅಂಗಿಗೂ ಬೇಡವಾಗಿ ಉಳಿದ ಬಟ್ಟೆಯನ್ನೆಲ್ಲ ಊರವರು ಭಕ್ತಿಯಿಂದ ಮಠಕ್ಕೆ ಕೊಟ್ಟಿದ್ದರು.

"ಇದು ಸರಕಾರದ ಬಟ್ಟಿ!" ಎಂದು ಮೇಟಿಯವರು ಅಳುವ ದನಿಯಲ್ಲಿ ಅಂದರು.

"ಮಠಕ್ಕ ಕೊಟ್ಟ ಮ್ಯಾಲೆ ಸರಕಾರದ್ದು ಹ್ಯಾಂಗಾಗ್ತೈತಿ?" ಎಂದು ಗೌಡರು ಗದರಿದರು.

ಅಜ್ಜನವರು ಹಲ್ಲಿನಿಂದ ದಾರ ತೆಗೆದರು. ಅದು ಅಪರೂಪದ ಸಂಗತಿ. "ಯಾತಕ್ಕ ಕೊಟ್ಟಿದ್ರಿ ತಮ್ಮಾ ಇದನ್ನ?" ಎಂದು ಕೇಳಿದರು.

ಮೇಟಿಯವರಿಗೆ ಊರಲ್ಲಿ ಈ ಪ್ರಶ್ನೆ ಕೇಳಿದವರು ಇವರೊಬ್ಬರೇ. ಅವರು ನೆಲದ ಮೇಲೆ ಕುಳಿತು ಹೇಳಿದರು: "ನಾರು ಎದ್ದ ಕಾಲು ನೀರಾಗಿಟ್ಟರ ಹುಳ ಅಲ್ಲೇ ಮರಿ ಬಿಡ್ತೈತ್ರಿ. ನೀರಾಗ ಕಣ್ಣಿಗೆ ಕಂಡೂ ಕಾಣದಂಥ ಚಿಗಟ ಇರ್ತಾವು, ಅವು ಆ ಮರಿ ನುಂಗ್ತಾವು. ನೀರಿನ ಜೋಡಿ ಆ ಚಿಗಟ ನಾವು ನುಂಗ್ತೀವಿ. ವರ್ಷ ತುಂಬೂದ್ರಾಗ ಹುಳ ಬೆಳದು ನಮ್ಮ ಕಾಲಿನಿಂದ ಹೊರಗ ಬರ್ತೈತಿ. ನಾವು ಉರಿ ತಾಳಲಾರದ ಮತ್ತ ಅದೇ ನೀರಿಗಿಳೀತೀವಿ. ಕಾಲು ಯಾರದಿದ್ರೂ ಹುಳಕ್ಕ ಅಷ್ಟೇರಿ. ಗೌಡರದಿದ್ರೂ ಅಷ್ಟೇ…" ಇಲ್ಲಿ ಮೇಟಿಯವರು ಗೌಡರ ಕೋಲಿನ ಕಡೆ ಒಮ್ಮೆ ನೋಡಿದರು, "…ನಿಮ್ಮದಿದ್ರೂ ಅಷ್ಟೇ."

"ಏ!" ಎಂದು ಗೌಡರು ಕೋಲು ಎತ್ತಿದರು. ಅಜ್ಜನವರು ಬೆರಳು ಎತ್ತಿದರು. ಕೋಲು ಇಳಿಯಿತು.

"ಸೋಸಿದರ?"

"ಚಿಗಟ ಬಟ್ಟಿ ಮ್ಯಾಲೆ ಉಳೀತಾವ್ರಿ."

"ಹೂಂ" ಎಂದರು ಅಜ್ಜನವರು. ಕೌದಿಯನ್ನು ಕಾಲಿನ ಮೇಲೆ ಇನ್ನಷ್ಟು ಎಳೆದುಕೊಂಡರು. ಆಮೇಲೆ ಕತ್ತರಿ ಎತ್ತಿಕೊಂಡು ನೀಲಿ ಅಂಚಿನ ಚೂರುಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಗೌಡರ ಆನಂದಕ್ಕೆ ಪಾರವಿಲ್ಲ. ಊರಿಗೆ ಬಂದು ಕಟ್ಟೆಯ ಮೇಲೆ ಡಂಗುರ ಸಾರಿದರು. "ಅಜ್ಜಾರಿಗೆ ಎಷ್ಟು ಸಿಟ್ಟು ಬಂತಂದ್ರ, ಸರಕಾರದ ಬಟ್ಟಿ ಕೌದಿಯಾಗೂ ಬ್ಯಾಡ ಅಂತ ಕಿತ್ತಿ ಒಗೀಲಿಕ್ಕತ್ಯಾರ!" ಜೀಪು ಹತ್ತುತ್ತಿದ್ದ ಮೇಟಿಯವರಿಗೂ ಕೂಗಿ ಹೇಳಿದರು: "ಸೋಮವಾರ ಪಾದಪೂಜಿಗೆ ಬರ್ರಿ ಸಾಹೇಬ್ರ. ಒಂದು ಗುಟುಕು ನಿಮಗೂ ಕೊಡ್ತೀನಿ, ಬುದ್ಧಿ ಬರ್ತೈತಿ!"

ಸೋಮವಾರ ಬಂತು. ಬಾವಿಯ ಸುತ್ತ ಊರಿಗೆ ಊರೇ ನೆರೆದಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಮಣೆ, ಮಣೆಯ ಮೇಲೆ ಹೂವು, ನೀರಿನ ಅಂಚಿನಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದು ತಲೆಗೆ ಹೊಸ ಪಟಕ ಸುತ್ತಿದ ಗೌಡರು. ಈರವ್ವ ಮೇಲೆ ಬೇವಿನ ಗಿಡದ ಕೆಳಗೆ ತಾಯಿಯ ಸೊಂಟಕ್ಕೆ ಆತು ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಮೇಟಿಯವರೂ ಬಂದಿದ್ದರು. ಸೋತವರು ಎಲ್ಲರ ಹಿಂದೆ ನಿಲ್ಲುತ್ತಾರೆ, ಅವರೂ ಅಲ್ಲೇ ನಿಂತಿದ್ದರು.

ಅಜ್ಜನವರು ಕೋಲೂರಿಕೊಂಡು ನಿಧಾನವಾಗಿ ಬಂದರು. ಹೆಗಲ ಮೇಲೆ ಒಂದು ಗಂಟು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಬಂದವರೇ ಅಲ್ಲಿ ಕುಳಿತುಬಿಟ್ಟರು.

ಗೌಡರು ಕೆಳಗಿನಿಂದ ವಿನಯದಿಂದ ಕೂಗಿದರು. "ಅಜ್ಜಾರ, ಮಣಿ ಇಲ್ಲಿ ಕೆಳಗೈತ್ರಿ."

"ಐತಿ."

"ನೀರೂ ಕೆಳಗೈತ್ರಿ."

"ಅಲ್ಲೇ ಇರಲಿ."

ಗೌಡರಿಗೆ ಬೆವರೊಡೆಯಿತು. ಮುತ್ತಜ್ಜನಿಂದ ಬಂದ ಪೂಜೆ, ಕೈಯಲ್ಲಿ ತಂಬಿಗೆ, ಊರೆಲ್ಲ ನೋಡುತ್ತಿದೆ, ಗುರುಗಳು ಮೇಲೇ ಕುಳಿತಿದ್ದಾರೆ! ವಯಸ್ಸಾದವರು, ಇಳಿಯಲಾರರೇನೋ ಎಂದು ತಮ್ಮ ಇಬ್ಬರು ಗಟ್ಟಿ ಆಳುಗಳಿಗೆ ಕಣ್ಸನ್ನೆ ಮಾಡಿದರು. ಅವರು ಮೇಲೆ ಹೋಗಿ ಅಜ್ಜನವರನ್ನು ಹೂವಿನಂತೆ ಎತ್ತಿಕೊಂಡರು.

"ಇಳಿಸು" ಎಂದರು ಅಜ್ಜನವರು.

ಕೈ ಸುಟ್ಟವರ ಹಾಗೆ ಅವರು ಇಳಿಸಿದರು. ಅಜ್ಜನವರು ಕಾವಿಯ ಅಂಚನ್ನು ಮೇಲಕ್ಕೆ ಸರಿಸಿ, ಬಲಗಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದರು. ಪಾದದ ಮೇಲೆ ಕೆಂಪು ಹುಣ್ಣು. ಹುಣ್ಣಿನ ಪಕ್ಕದಲ್ಲಿ ಒಂದು ಬೇವಿನ ಕಡ್ಡಿ. ಕಡ್ಡಿಗೆ ಸುತ್ತಿದ ಬಿಳಿಯ ದಾರ. ಅದು ಅವರು ಹೊಲಿಯುವ ದಾರವಲ್ಲವೆಂದು ಆ ಊರಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

ಅಜ್ಜನವರು ಕರೆದರು. "ಗೌಡಾ, ಮ್ಯಾಲೆ ಬಾ."

ಗೌಡರು ಬಂದರು.

"ನಾರು ಪಾಪಿಗಳಿಗೆ ಬರ್ತೈತಿ ಅಂತ ಕಟ್ಟಿ ಮ್ಯಾಲೆ ಕುಂತು ಹೇಳ್ತಿಯಲ್ಲ. ನನ್ನ ಪಾಪ ಯಾವುದು? ಹೇಳು."

ಗೌಡರು ತಮ್ಮ ಪಾಪದ ಪಟ್ಟಿಯನ್ನು ಮನಸ್ಸಿನಲ್ಲೇ ತಿರುವಿದರು. ಬದು ಒತ್ತೋಣವೆಂದರೆ ಅಜ್ಜನವರಿಗೆ ಹೊಲವಿಲ್ಲ. ಅತ್ತೆಗೆ ಎದುರಾಡೋಣವೆಂದರೆ ಸಂಸಾರವಿಲ್ಲ. ಸೋಮವಾರದ ನಿಯಮವನ್ನಂತೂ ಅವರೇ ಊರಿಗೆ ಹೇಳಿಕೊಟ್ಟವರು. ಗೌಡರು ಇಂಗು ತಿಂದ ಮಂಗನಂತೆ ನಿಂತಿದ್ದಾಗ ಹಿಂದಿನಿಂದ ಮುದುಕಿ ಸಿದ್ದಮ್ಮ ಸಹಾಯಕ್ಕೆ ಬಂದಳು:

"ಯಾಕ ಗೌಡಾ, ಅಜ್ಜಾರಿಗೂ ಸೊಸಿ ತವರಮನಿ ಐತೇನು?"

ಬಾವಿಯ ಸುತ್ತ ನಗೆಯ ಅಲೆ ಎದ್ದಿತು. ಗೌಡರ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಗೋ ನಗುವಿಗೋ, ಅದು ಶಿವನಿಗೇ ಗೊತ್ತು. ಅಜ್ಜನವರೂ ನಕ್ಕರು. ನಗು ಆರಿದ ಮೇಲೆ ಅವರ ದನಿ ಸಣ್ಣದಾಯಿತು.

"ಹೋದ ಶ್ರಾವಣದಾಗೂ ಈ ಕಾಲಿನಾಗ ನಾರು ಇತ್ತು. ಉರೀತಿತ್ತು. ನೀವು ನೀರಾಗಿಡಿಸಿದಾಗ ಆಹಾ ಅನ್ನಿಸ್ತು, ಕಣ್ಣು ಮುಚ್ಚಿ ಕುಂತೆ. ಅದನ್ನ ನೀವು ಧ್ಯಾನ ಅಂದ್ರಿ. ನನಗ ತಂಪಾತು, ಊರಿಗೆ ನಾರಾತು."

ಅಜ್ಜನವರು ಗಂಟು ಬಿಚ್ಚಿದರು. ಕೌದಿಯಿಂದ ಬಿಡಿಸಿ, ಒಗೆದು ಮಡಿಸಿದ ನೀಲಿ ಅಂಚಿನ ಬಟ್ಟೆಗಳು. ಮೇಟಿಯವರನ್ನು ಹತ್ತಿರ ಕರೆದರು. ಮೇಟಿಯವರು ಮೆಟ್ಟಿಲಿಳಿಯದೆ ಹಗ್ಗಕ್ಕೆ ಕೊಡ ಕಟ್ಟಿ ಮೇಲಿನಿಂದಲೇ ನೀರು ಸೇದಿದರು. ಬಟ್ಟೆ ಬಿಗಿದ ಗಡಿಗೆಗೆ ಅಜ್ಜನವರೇ ನೀರು ಸುರಿದರು. ನೀರು ಇಳಿಯಿತು. ಬಟ್ಟೆಯ ಮೇಲೆ ಧೂಳಿನಂಥದ್ದೇನೋ ಉಳಿಯಿತು. ಗೌಡರು ಚಾಳೀಸು ಏರಿಸಿಕೊಂಡು ಬಗ್ಗಿದರು. ಧೂಳು ಪುಟಪುಟನೆ ಜಿಗಿಯಿತು! ಗೌಡರೂ ಹಿಂದಕ್ಕೆ ಜಿಗಿದರು.

"ಇವೇನ್ರಿ ಅಜ್ಜಾರ?"

"ಇಷ್ಟು ವರ್ಷ ನೀನು ಕಣ್ಣಿಗೊತ್ತಿಕೊಂಡು ಕುಡಿದದ್ದು."

ಗೌಡರು ಇನ್ನೇನೋ ವಾದ ಹೂಡಬೇಕೆಂದಿದ್ದರು. ಅಷ್ಟರಲ್ಲಿ ಅವರ ಕಣ್ಣು ಬೇವಿನ ಗಿಡದ ಕೆಳಗೆ ಹೋಯಿತು. ಮೊಮ್ಮಗಳು ಅಲ್ಲಿ ಒಂದೇ ಕಾಲಿನ ಮೇಲೆ ನಿಂತಿದ್ದಳು. ಹೋದ ಶ್ರಾವಣ. ಮೊದಲ ಗುಟುಕು. ಹಿತ್ತಾಳೆಯ ತಂಬಿಗೆ. 'ಬಾಯಿ ತೆರಿ ನನ್ನ ಬಂಗಾರ' ಎಂದು ತಾವೇ ಎತ್ತಿ ಹಾಕಿದ್ದು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು. ಗೌಡರ ಕೈಯಿಂದ ತಂಬಿಗೆ ಜಾರಿ, ಠಣಠಣ ಎಂದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಡಿಯುತ್ತ ಬಾವಿ ಸೇರಿತು. ಅದನ್ನು ಹಿಡಿಯಲು ಒಬ್ಬರೂ ನೀರಿಗಿಳಿಯಲಿಲ್ಲ. ಆ ಊರಲ್ಲಿ ಹಾಗಾದದ್ದು ಅದೇ ಮೊದಲು.

ಅಜ್ಜನವರು ಈರವ್ವನನ್ನು ಕೈಮಾಡಿ ಕರೆದು ತಮ್ಮ ಪಕ್ಕ ಕೂಡಿಸಿಕೊಂಡರು. ಸೋಸಿದ ನೀರಿನಿಂದ ಆ ಮಗುವಿನ ಪಾದಗಳನ್ನು, ಮೊದಲು ಕುಂಟುವ ಕಾಲನ್ನು, ಆಮೇಲೆ ಇನ್ನೊಂದನ್ನು, ತಮ್ಮ ಕೈಯಾರೆ ತೊಳೆದರು. ನೀರು ಹರಿದು ಬೇವಿನ ಬುಡ ಸೇರಿತು. ಗುರುಗಳು ಭಕ್ತರ ಮನೆಯ ಕೂಸಿನ ಪಾದ ತೊಳೆಯುವುದೆಂದರೇನು! ಹೆಂಗಸರು ಬಾಯಿಗೆ ಸೆರಗಿಟ್ಟರು.

"ಈ ಕಾಲಿಗೆ ನೋವು ಕೊಟ್ಟದ್ದು ನನ್ನ ಕಾಲು" ಎಂದರು ಅಜ್ಜನವರು.

ಗೌಡರು ಅವರ ಮುಂದೆ ಕುಸಿದು ಕುಳಿತರು. ಪಟಕ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. "ನೀವಲ್ರಿ ಅಜ್ಜಾರ, ನೀವಲ್ಲ. ನಾನು. ನನ್ನ ಕೈಯಿಂದನ ಕುಡಿಸೀನಿ. ಪ್ರೀತಿಲೆ ಕುಡಿಸೀನ್ರಿ ಅಜ್ಜಾರ, ವಿಷ ಕುಡಿಸೀನಿ" ಎಂದು ಮೀಸೆಯ ಮೇಲೆ ಕಣ್ಣೀರು ಸುರಿಸುತ್ತ ಅತ್ತರು. ಗೌಡರು ಅಳುವುದನ್ನು ಊರು ಅಂದೇ ನೋಡಿದ್ದು.

ಅಜ್ಜನವರು ಅವರ ತಲೆಯ ಮೇಲೆ ಕೈಯಿಟ್ಟರು. "ಪ್ರೀತಿ ಬಿಡಬ್ಯಾಡ. ಸೋಸಿ ಕುಡಿಸು."

ಅಷ್ಟೇ ಅವರ ಉಪದೇಶ. ಆಮೇಲೆ ಬಟ್ಟೆಗಳನ್ನು ಮನೆಗೊಂದರಂತೆ ಪ್ರಸಾದವಾಗಿ ಹಂಚಿದರು. ಮೇಟಿಯವರು ಸರದಿಯಲ್ಲಿ ನಿಂತು ತಮಗೂ ಒಂದು ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಅದು ತಾವೇ ತಂದು ಹಂಚಿದ ಬಟ್ಟೆ ಎಂಬುದು ಅವರಿಗೆ ಆಗ ನೆನಪಿತ್ತೋ ಇಲ್ಲವೋ.

ಕಥೆ ಇಲ್ಲಿಗೇ ಮುಗಿದು ಊರು ಉದ್ಧಾರವಾಯಿತು ಎಂದರೆ ನೀವು ಕರೇಕಲ್ಲನ್ನು ಅರಿತವರಲ್ಲ. ಮರುದಿನ ಮೇಟಿಯವರು ಮನೆಮನೆ ಹೊಕ್ಕು ನೋಡಿದರೆ ಗಡಿಗೆಗಳ ಬಾಯಿ ಮತ್ತೆ ಬರಿದು! ಮೊಸರಿನಲ್ಲೂ ಇಲ್ಲ, ಕೂಸಿನ ಮೈಮೇಲೂ ಇಲ್ಲ. ಗುರುಗಳ ಕೈಯಿಂದ ಬಂದ ಬಟ್ಟೆಯನ್ನು ಎಲ್ಲರೂ ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಊದುಬತ್ತಿ ಬೆಳಗಿದ್ದರು. ಗೌಡರಂತೂ ಗಾಜಿನ ಚೌಕಟ್ಟು ಹಾಕಿಸಲು ಅಳತೆ ಕೊಟ್ಟಿದ್ದರು. ಮೇಟಿಯವರು ಮಠಕ್ಕೆ ಓಡಿದರು. ಅಜ್ಜನವರು ದಾರ ತೆಗೆಯದೆಯೇ ಹೇಳಿ ಕಳಿಸಿದರು: "ಜಗಲಿ ಮ್ಯಾಲೆ ಇಟ್ಟೋರು ಬಟ್ಟಿ ವಾಪಸ್ ಕಳಸ್ರಿ. ಚಳಿಗಾಲ ಬರ್ತೈತಿ, ಕೌದಿಗೆ ಬೇಕಾಗೈತಿ."

ಸಂಜೆಯೊಳಗೆ ಊರಿನ ಗಡಿಗೆಗಳೆಲ್ಲ ಬಾಯಿ ಕಟ್ಟಿಕೊಂಡು ಕುಳಿತವು.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಗೌಡರ ಪಾಡೂ ಅದೇ ಆಯಿತು. ಅದೇ ವರ್ಷ ಊರವರನ್ನೆಲ್ಲ ಕೂಡಿಸಿ ಮೆಟ್ಟಿಲಿಗೆ ಅಡ್ಡಗೋಡೆ ಕಟ್ಟಿಸಿದರು, ಮೊದಲ ಕಲ್ಲನ್ನು ತಾವೇ ಹೊತ್ತರು. ಮೇಲೆ ರಾಟೆ ಬಂತು, ಮೇಟಿಯವರು ನೀರಿಗೆ ಔಷಧಿ ಹಾಕಿಸಿದರು. ನಾರು ಎದ್ದವರನ್ನು ಗೌಡರು ಬಾವಿಯ ದಾರಿಯಲ್ಲೇ ತಡೆದು, ತಮ್ಮ ಆಳಿನಿಂದ ನೀರು ಸೇದಿಸಿ ಮನೆ ಮುಟ್ಟಿಸುತ್ತಿದ್ದರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅವರು ಬೀಗರ ಮನೆಗೆ ಹೋದರೆ ಕಿಸೆಯಿಂದ ಬಟ್ಟೆ ತೆಗೆದು ಪಾನಕ ಸೋಸುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಸೋಸಿ, ಗ್ಯಾಸೆಲ್ಲ ಹೋಯಿತೆಂದು ಅಂಗಡಿಯವನ ಜೊತೆ ಜಗಳ ತೆಗೆದರು. ಒಮ್ಮೆ ಮೇಟಿಯವರು ಬಿಸಿಲಲ್ಲಿ ಬಂದು, ಬಾಯಾರಿ, ಸೇದಿಟ್ಟ ಕೊಡಕ್ಕೇ ಬಾಯಿ ಹಚ್ಚಿದರು. ಗೌಡರು ಹಾರಿ ಬಂದು ಕೊಡ ಕಸಿದುಕೊಂಡರು. "ಸಾಹೇಬ್ರ! ಓದಿದೋರು ನೀವು! ಅಜ್ಜಾರು ಏನು ಹೇಳ್ಯಾರ?" ಎಂದು ಊರೆದುರಿಗೆ ಬೈದರು. ಮೇಟಿಯವರು ತಪ್ಪಾಯಿತೆಂದು ಕೈಮುಗಿದರು. ಸ್ವಾಮಿಗಳೆಂದರೆ ಅಷ್ಟಕ್ಕಷ್ಟೆ ಅನ್ನುತ್ತಿದ್ದವರು ಬಯ್ಯಿಸಿಕೊಂಡು ನಗುತ್ತ ಹೋಗಿ ಮಠದ ಹೊಸ್ತಿಲಲ್ಲಿ ಕುಳಿತು ಅಜ್ಜನವರ ಸೂಜಿಗೆ ದಾರ ಪೋಣಿಸಿಕೊಟ್ಟರು.

ಮುಂದಿನ ವರ್ಷದ ಬಿತ್ತನೆಗೆ ಹೊಲದ ತುಂಬ ಜನ. ಕಾಲು ಮೇಲೆ ಮಾಡಿ ಮಲಗಿದ ಮನೆ ಹುಡುಕಿದರೆ ಅಲ್ಲೊಂದು ಇಲ್ಲೊಂದು. ಶ್ರಾವಣದ ಮೊದಲ ಸೋಮವಾರ ಮತ್ತೆ ಪಾದಪೂಜೆ ನಡೆಯಿತು, ಬೇವಿನ ಗಿಡದ ಕೆಳಗೆ, ಒಣ ನೆಲದ ಮೇಲೆ. ಅಜ್ಜನವರ ಕಾಲಿನ ಹುಣ್ಣು ವಾಸಿಯಾಗಿತ್ತು. ಪಾದಕ್ಕೆ ಹೂವು ಮಾತ್ರ ಏರಿತು. ಆ ಬಳಿಕ ಬಾವಿಯ ನೀರು ಸೋಸಿ, ಅಜ್ಜನವರ ಕೈಯಿಂದ ಮುಟ್ಟಿಸಿ, ಊರಿಗೆಲ್ಲ ಹಂಚುವ ಹೊಸ ರೂಢಿ. ಮೊದಲ ತಂಬಿಗೆ ಗೌಡರದೇ, ಹಕ್ಕು ಬಿಟ್ಟಾರೆಯೇ! ಎದುರಿಗೆ ಈರವ್ವ ಬಾಯಿ ತೆರೆದು ನಿಂತಿದ್ದಳು. ಒಂದು ವರ್ಷ ಎಣ್ಣೆ ತಿಕ್ಕಿ, ಸರಕಾರಿ ದವಾಖಾನೆಯ ಮದ್ದು ಕುಡಿದು ಅವಳ ಕಾಲು ನೆಟ್ಟಗಾಗಿತ್ತು. ಗೆಜ್ಜೆ ಮತ್ತೆ ಏರಿತ್ತು.

ಗೌಡರು ನೀರನ್ನು ಸೋಸಿದರು. ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಸೋಸಿದರು. ಬಟ್ಟೆಯನ್ನು ಕೊಡವಿ, ಮಡಿಕೆ ಹಾಕಿ, ಮತ್ತೊಮ್ಮೆ ಸೋಸಿದರು. ಮೊಮ್ಮಗಳ ಬಾಯಿಯ ತನಕ ಒಯ್ದು ಹಿಂದಕ್ಕೆ ತೆಗೆದರು.

"ಯಜ್ಜಾ, ನೀರಡಿಸೇತಿ! ಎಷ್ಟೊತ್ತು ಬಾಯಿ ತೆರದು ನಿಂದರಲಿ?" ಎಂದಳು ಈರವ್ವ.

ಜನ ನಕ್ಕರು. ಗೌಡರು ನಗಲಿಲ್ಲ. ಅವರು ಅಜ್ಜನವರ ಮುಖ ನೋಡಿದರು, ಕಣ್ಣಿನಲ್ಲಿ ನೀರು ತುಂಬಿತ್ತು. ಅಜ್ಜನವರು ಆ ಕಣ್ಣೀರನ್ನೂ ನೋಡಿದರು, ತಂಬಿಗೆಯನ್ನೂ ನೋಡಿದರು.

"ಕೊಡೋ ಗೌಡಾ. ಪ್ರೀತಿ ಒಳಗ ಇಳದೈತಿ, ಹುಳ ಹೊರಗ ಉಳದೈತಿ. ಇನ್ನ ಸೋಸಿದ್ರ ನೀರೂ ಉಳಿಯಂಗಿಲ್ಲ."

ಗೌಡರು ಕೊಟ್ಟರು. ಈರವ್ವ ಗಟಗಟನೆ ಕುಡಿದು, ತುಟಿಯನ್ನು ಗೌಡರ ಪಂಚೆಗೇ ಒರೆಸಿ, ಗೆಳತಿಯರ ಕಡೆಗೆ ಓಡಿದಳು. ಎರಡೂ ಕಾಲಿನ ಗೆಜ್ಜೆ ಒಂದೇ ಸಮನಾಗಿ ಕೇಳಿಸಿತು. ಹಂಪನಗೌಡರು ಹಸಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಆ ಸದ್ದು ದೂರವಾಗುವ ತನಕ ನಿಂತಿದ್ದರು. ಆಮೇಲೆ ಎರಡನೆಯ ತಂಬಿಗೆ ಸೋಸಲು ಬಗ್ಗಿದರು.